ಕೇಳಬಾರದು, ಬರೆಯಬೇಕು

ಮಾರ್ಚ್ ೬, ೨೦೦೨, ಬುಧವಾರ. ದೇರಾ, ದುಬೈ

ಕ್ಲೈವ್ ಸರ್ ಒಪ್ಪಿದರು! ಒಪ್ಪಿದರು ಅಂದರೆ ಅರ್ಧ ಒಪ್ಪಿದರು. ಜೆಬೆಲ್ ಅಲಿಯ ಆಚೆ ಸಮುದ್ರದ ಪಕ್ಕದಲ್ಲಿ ಹೊಸದಾಗಿ ತೆರೆದ ರಿಸಾರ್ಟಿಗೆ ಈಗ ಅವರೇ ಮ್ಯಾನೇಜರ್. ಗೋವಾದವರು. ಹಿಂದೆ ನಮ್ಮ ದೇರಾ ಹೋಟೆಲಿನಲ್ಲಿದ್ದಾಗ ರೂಮು ಶುಚಿ ಮಾಡಿಸುವ ನನ್ನ ಕೆಲಸವನ್ನು ಎಂಟು ವರ್ಷ ನೋಡಿದವರು. ಅಲ್ಲಿ ಹೌಸ್‌ಕೀಪಿಂಗಿಗೆ ಅಸಿಸ್ಟೆಂಟ್ ಮ್ಯಾನೇಜರ್ ಬೇಕು. ಆ ಕೆಲಸಕ್ಕೆ ಫ್ಯಾಮಿಲಿ ಫ್ಲಾಟ್ ಉಂಟು. ಒಂದು ಬೆಡ್‌ರೂಮ್, ಒಂದು ಅಡುಗೆಮನೆ, ಒಳಗಿನಿಂದ ನಾವೇ ಹಾಕಿಕೊಳ್ಳುವ ಚಿಲಕ.

ಮದುವೆಯಾಗಿ ಹದಿನೇಳು ವರ್ಷವಾಯಿತು. ನನಗೆ ಇಲ್ಲಿ ಲೇಡೀಸ್ ಕ್ವಾರ್ಟರ್ಸಿನಲ್ಲಿ ನಾಲ್ವರ ನಡುವೆ ಒಂದು ಮಂಚ. ಇವರಿಗೆ ಮರಳುಗಾಡಿನ ನಡುವಿನ ಮದೀನತ್ ಜಾಯೆದ್‌ನ ಲೇಬರ್ ಕ್ಯಾಂಪಿನಲ್ಲಿ ಎಂಟು ಗಂಡಸರ ನಡುವೆ ಒಂದು ಮಂಚ. ಅಲ್ಲಿ ಸ್ಟೋರ್‌ಕೀಪರ್ ಕೆಲಸ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಇವರು ಬಸ್ಸು ಹಿಡಿದು ಬಂದರೆ ಒಟ್ಟಿಗೆ ಇಗರ್ಜಿಗೆ ಹೋಗಿ, ಒಟ್ಟಿಗೆ ಬಿರಿಯಾನಿ ತಿಂದು, ಪಾರ್ಕಿನ ಬೆಂಚಿನ ಮೇಲೆ ಕೂತು, ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗಳು ಮೆಲಿಸ್ಸಾಳ ಮಾರ್ಕ್ಸಿನ ಬಗ್ಗೆ ಮಾತಾಡಿ ಎದ್ದರೆ ನಮ್ಮ ಸಂಸಾರ ಮುಗಿಯಿತು. ನನಗೆ ಆ ಫ್ಲಾಟ್ ಬೇಕು. ಬೇಕು ಅಂದರೆ ಬೇಕು.

ಷರತ್ತು ಇದು. ಐದು ದಿನ ಗಂಡನ ಜೊತೆ ಅಲ್ಲಿ ಗೆಸ್ಟಿನ ಹಾಗೆ ಇದ್ದು, ಕೆಲಸದವರನ್ನು ಗುಟ್ಟಾಗಿ ಪರೀಕ್ಷೆ ಮಾಡಿ ವರದಿ ಕೊಡಬೇಕು. ಒಂದು ದಿನ ನನ್ನದೇ ಬೆಲೆಬಾಳುವ ವಸ್ತುವೊಂದನ್ನು ಕೈತಪ್ಪಿ ಬಿದ್ದ ಹಾಗೆ ಬಿಟ್ಟು, ಏನಾಗುತ್ತದೆ ನೋಡಬೇಕು. ಯಾರಿಗೂ ಹೇಳಬಾರದು, ಗಂಡನಿಗೂ ಹೇಳಬಾರದು ಅಂತ ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ಏನೇ ಆದರೂ ಕೇಳಬಾರದು ಒಲಿಂಡಾ, ಬರೆಯಬೇಕು" ಅಂದರು.

ಈ ಪುಸ್ತಕಕ್ಕೆ ಹೇಳಬಾರದು ಅಂತ ಕಾಗದದಲ್ಲಿ ಇರಲಿಲ್ಲ. ಇವರಿಗೆ ಲಕ್ಕಿ ಡ್ರಾ ಹೊಡೆಯಿತು ಅಂತ ಹೇಳಿದ್ದೇನೆ. ಇವರ ಬಾಯಿಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವನಿಗೂ ಹೇಳಿಬಿಡುತ್ತಾರೆ.

ಮಾರ್ಚ್ ೧೦, ಭಾನುವಾರ. ರಿಸಾರ್ಟ್, ರೂಮ್ ೨೧೪

ಬಂದ ಕೂಡಲೇ ಇಬ್ಬರ ಕೈಗೂ ನೀಲಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಅದಿದ್ದರೆ ತಿನ್ನುವುದು, ಕುಡಿಯುವುದು, ದೋಣಿಯಲ್ಲಿ ಹೋಗುವುದು ಎಲ್ಲ ಪುಕ್ಕಟೆ. ಎಲ್ಲೋ ಕೆರಿಬಿಯನ್ ಎಂಬ ಸಮುದ್ರದ ದ್ವೀಪಗಳಲ್ಲಿ ಹೀಗೆಯಂತೆ, ಅದರ ನಮೂನೆ ಇದು. ತೆಂಗಿನ ಗರಿಯ ಬಾರು, ತಗಡಿನ ಡೋಲು ಬಾರಿಸುವ ಫಿಲಿಪೀನಿ. ಮಕ್ಕಳಿಗೆ ಪ್ರವೇಶವಿಲ್ಲ. "ದೊಡ್ಡವರಿಗೆ ಮಾತ್ರ" ಎಂಬ ಬೋರ್ಡಿನ ಮುಂದೆ ಇವರು ನಿಂತೇಬಿಟ್ಟರು. "ನಾವು ದೊಡ್ಡವರಾದದ್ದು ಯಾವಾಗ ಮಾರಾಯ್ತಿ? ನಂಗೆ ಗೊತ್ತೇ ಆಗ್ಲಿಲ್ಲ."

ಮತ್ತೆ ನೆನಪಾದದ್ದು ಕರೆಜ್ಮ. ಈಸ್ಟರಿನ ಮುಂಚಿನ ನಲವತ್ತು ದಿನ ಇವರು ಹನಿ ಮುಟ್ಟುವವರಲ್ಲ. "ಇಡೀ ವರ್ಷ ಬಿಟ್ಟು ಕರೆಜ್ಮದಲ್ಲೇ ನಿನಗೆ ಲಕ್ಕಿ ಡ್ರಾ ಹೊಡೆದದ್ದಾ? ಪುಕ್ಕಟೆ ಬಾರಿನಲ್ಲಿ ಕೂತು ಲಿಂಬೆ ಶರಬತ್ತು ಕುಡಿಯುವವ ನಾನೊಬ್ಬನೇ!" ನಗು ಬಂತು. ಆದರೂ ಐದು ದಿನ ತಡೆದಾರು ಅಂತ ನನಗೆ ನಂಬಿಕೆ ಇಲ್ಲ.

ಒಂದು ರೂಮಿಗೆ ಕಾಲಿಟ್ಟರೆ ಎರಡು ನಿಮಿಷದಲ್ಲಿ ನಾನು ಹೇಳಬಲ್ಲೆ, ಗಂಡ ಹೆಂಡತಿ ಜಗಳ ಆಡಿದ್ದಾರೋ, ಯಾರಿಗೆ ನಿದ್ದೆ ಬರುವುದಿಲ್ಲವೋ, ಯಾರು ಕದ್ದು ಸಿಗರೇಟು ಸೇದುತ್ತಾರೋ ಅಂತ. ಅಂಥ ನನಗೆ ಇವರೊಬ್ಬರು ಮಾತ್ರ ತಲೆಗೆ ಹತ್ತುತ್ತಿಲ್ಲ. ಬಂದವರೇ ಶೂವನ್ನು ಅಲಮಾರಿಯ ಹಿಂಬದಿಗೆ ತಳ್ಳಿದರು. ಪರ್ಸು ದಿಂಬಿನ ಕವರಿನೊಳಗೆ. ಒದ್ದೆ ಬನಿಯನ್ ಕುರ್ಚಿಯ ಮೇಲೆ. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗುತ್ತದಂತೆ, ಎಂಟು ಮಂದಿಗೆ ಒಂದೇ ಬಚ್ಚಲಲ್ಲವಾ. "ಇಲ್ಲಿ ಶೂ ಯಾರು ಕದಿಯುತ್ತಾರೆ? ಇದೆಂಥ ಕ್ಯಾಂಪಾ?" ಅಂದೆ. ಇವರಿಗೆ ಸಿಟ್ಟು ಬಂತು, ಬಾಲ್ಕನಿಗೆ ಹೋಗಿ ಕೂತರು.

ನಮ್ಮ ರೂಮಿನ ಕೆಲಸದವಳು ಎದೆಯ ಮೇಲೆ "ಜಲ" ಅಂತ ಹಾಕಿಕೊಂಡಿದ್ದಾಳೆ. ಉದ್ದ ಜಡೆ, ಚುರುಕು ಕೈ. ನೋಡುವ.

ಮಾರ್ಚ್ ೧೧, ಸೋಮವಾರ

ಬೆಳಿಗ್ಗೆ ನಲ್ಲಿಯ ಹಿಂದೆ ಒಂದು ಬೆಂಕಿಕಡ್ಡಿ, ಮಂಚದ ಅಡಿಯಲ್ಲಿ ಒಂದು ಹೇರ್‌ಪಿನ್, ಪರದೆಯ ಕಂಬಿಯ ಮೇಲೆ ಒಂದು ನೂಲು ಇಟ್ಟು ಹೋದೆ. ಮಧ್ಯಾಹ್ನ ಬಂದು ನೋಡಿದರೆ ಮೂರೂ ಇಲ್ಲ! ಪರದೆಯ ಕಂಬಿಯವರೆಗೆ ಕೈ ಹಾಕುವವರನ್ನು ನನ್ನ ಸರ್ವಿಸಿನಲ್ಲಿ ಇಬ್ಬರನ್ನು ಕಂಡಿಲ್ಲ. ಪೂರ್ತಿ ಮಾರ್ಕು ಕೊಟ್ಟೆ. ಕೊಡುವಾಗ ಸ್ವಲ್ಪ ಬೇಸರವೂ ಆಯಿತು, ಸುಳ್ಳು ಯಾಕೆ. ತಪ್ಪೇ ಇಲ್ಲದ ವರದಿ ಕೊಟ್ಟರೆ ಕ್ಲೈವ್ ಸರ್‌ಗೆ ನನ್ನ ಕಣ್ಣಿನ ಚುರುಕು ಕಾಣುವುದು ಹೇಗೆ?

ಇವರು ಆಗಲೇ ಅವಳ ಜಾತಕ ತೆಗೆದಾಗಿದೆ. ಪೂರ್ತಿ ಹೆಸರು ಜಲಜಾಕ್ಷಿ, ಊರು ವಿಟ್ಲದ ಹತ್ತಿರ, ಮೂರು ವರ್ಷದ ಹೆಣ್ಣು ಮಗು ತಂಗಿಯ ಮನೆಯಲ್ಲಿ. ಎರಡು ವರ್ಷ ತುಂಬದೆ ರಜೆ ಇಲ್ಲ. "ಮಗು ಫೋನಿನಲ್ಲಿ ತಂಗಿಯನ್ನೇ ಅಮ್ಮ ಅಂತದಂತೆ, ಪಾಪ" ಅಂದರು. ನಾನು ಕೇಳಿಸದ ಹಾಗೆ ಇದ್ದೆ. ಪರೀಕ್ಷೆ ಮಾಡುವವರು ಊರು, ಮಗು ಎಲ್ಲ ಕೇಳಿಕೊಂಡು ಕೂತರೆ ಆಗುವುದಿಲ್ಲ.

ಮಾರ್ಚ್ ೧೨, ಮಂಗಳವಾರ. ಮಧ್ಯಾಹ್ನ



ಇವತ್ತು ಚಿನ್ನದಲ್ಲಿ ಕೂರಿಸಿದ ಮುತ್ತಿನ ಓಲೆ ಇಟ್ಟೆ. ಇವರು ಗಲ್ಫಿಗೆ ಬಂದ ಮೊದಲ ವರ್ಷ ನನಗೆ ತಂದ ಜೋಡಿಯಲ್ಲಿ ಒಂದು. ಇನ್ನೊಂದನ್ನು ಕಿವಿಯಲ್ಲೇ ಬಿಟ್ಟುಕೊಂಡೆ, ನಿಜವಾಗಿ ಬಿದ್ದುಹೋದ ಹಾಗೆ ಕಾಣಲಿ ಅಂತ. ಇವರಿಗೆ ಕಾಣದಿರಲಿ ಅಂತ ಕೂದಲು ಬಿಟ್ಟೆ. ಹತ್ತು ಗಂಟೆಗೆ ಓಲೆಯನ್ನು ಮಂಚದ ಕಾಲಿನ ಪಕ್ಕ ಹಾಕಿ ಸಮುದ್ರದ ಕಡೆ ಹೋದೆ. ಇವರು ಆಗಲೇ ಬಾರಿಗೆ ಹೋಗಿದ್ದರು.

ಒಂದು ಗಂಟೆಗೆ ಬಂದೆ. ರೂಮು ಥಳಥಳ. ಓಲೆ ಇಲ್ಲ. ಗೆಸ್ಟ್ ಇರುವ ರೂಮಿನಲ್ಲಿ ಏನಾದರೂ ಸಿಕ್ಕಿದರೆ ಎದುರಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡಬೇಕು, ಎಲ್ಲ ಹೋಟೆಲಿನಲ್ಲೂ ಅದೇ ನಿಯಮ. ಮೇಜಿನ ಮೇಲೆ ಇಲ್ಲ. ಡ್ರಾಯರಿನಲ್ಲಿ ಇಲ್ಲ, ಕಸದ ಬುಟ್ಟಿಯಲ್ಲಿ ಇಲ್ಲ. ಮೊಣಕಾಲೂರಿ ಕಾರ್ಪೆಟ್ಟಿನ ಅಂಚು ಪೂರ್ತಿ ತಡವಿದೆ.

ಇವರು ಊಟಕ್ಕೆ ಬಂದರು. "ಎಷ್ಟು ಹೊತ್ತು ಕೂತಿರಿ ಬಾರಿನಲ್ಲಿ?" ಅಂತ ಕೇಳಿದೆ. "ಏನೋ, ಹೊತ್ತು ಹೋಯ್ತು" ಅಂದರು. ಖಂಡಿತ ಕುಡಿದಿದ್ದಾರೆ, ಅದಕ್ಕೇ ಮುಖ ತಪ್ಪಿಸುತ್ತಿದ್ದಾರೆ. ಸೂಪು ಕುಡಿಯುವಾಗ ಒಮ್ಮೆ ನನ್ನ ಮುಖವನ್ನೇ ನೋಡಿ, "ಕೂದಲು ಬಿಟ್ಟಿದ್ದೀಯಲ್ಲ, ಮದುವೆಗಿಂತ ಮುಂಚೆ ಬಿಡ್ತಿದ್ದೆ" ಅಂದರು. ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತು. ಇವತ್ತು ಕೂದಲನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡೆ.

ಆ ಹುಡುಗಿಗೆ ನಾಳೆವರೆಗೆ ಟೈಮ್ ಕೊಡುತ್ತೇನೆ. ಬುದ್ಧಿ ಬಂದು ತಂದಿಟ್ಟಾಳು.

ಮಾರ್ಚ್ ೧೩, ಬುಧವಾರ. ಬೆಳಿಗ್ಗೆ

ತಂದಿಡಲಿಲ್ಲ. ಟ್ರಾಲಿ ತಳ್ಳಿಕೊಂಡು ಬಂದು "ಗುಡ್ ಮಾರ್ನಿಂಗ್ ಮೇಡಂ" ಅಂದಳು, ಹಲ್ಲು ಕಾಣುವಷ್ಟು ನಕ್ಕಳು. ಎಂಥ ಗಟ್ಟಿಗಿತ್ತಿ! ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದೆ. ಕೇಳಬಾರದು.

ತಿಂಡಿಗೆ ಕೂತಾಗ ಇವರು ಇದ್ದಕ್ಕಿದ್ದಂತೆ, "ನಿಂಗೆ ನನ್ನ ಹತ್ರ ಎಂತಾದ್ರೂ ಹೇಳ್ಲಿಕ್ಕೆ ಉಂಟಾ?" ಅಂತ ಕೇಳಿದರು.

"ಎಂತದ್ದೂ ಇಲ್ಲ."

"ಯೋಚನೆ ಮಾಡಿ ಹೇಳು."

"ಇಲ್ಲ ಅಂದೆನಲ್ಲ! ನಿಮಗೆ ಇದ್ದರೆ ನೀವು ಹೇಳಿ."

ಇವರು ತಟ್ಟೆ ಸರಿಸಿ ಎದ್ದು ಹೋದರು. ಅರ್ಧ ತಿಂದ ಮೊಟ್ಟೆ ಹಾಗೇ ಇತ್ತು. ಕೆಲಸದ ವಿಷಯ ಇವರಿಗೆ ಗೊತ್ತಾಗಿದೆಯಾ? ಕ್ಲೈವ್ ಸರ್ ಜೊತೆ ನಾನು ಮಾತಾಡುವುದನ್ನು ನೋಡಿ ಇನ್ನೇನಾದರೂ ಅಂದುಕೊಂಡರಾ? ಒಂದು ವರ್ಷದಲ್ಲಿ ಆಡುವ ಜಗಳ ಮೂರು ದಿನದಲ್ಲಿ ಆಯಿತು. ಆ ಫ್ಲಾಟಿಗೆ ಹೋದ ಮೇಲೂ ಹೀಗೇ ಆದರೆ ಏನು ಗತಿ, ಜೆಜು ದೇವರೇ?

ಅದೇ ದಿನ, ಹನ್ನೊಂದು ಗಂಟೆ

ವರದಿ ಬರೆದೆ. ಮೂರು ಪುಟ. ಕೊನೆಯ ಸಾಲಿನಲ್ಲಿ ಅವಳ ಹೆಸರು, ಪೂರ್ತಿ ಹೆಸರು. ಇಂಗ್ಲಿಷಿನಲ್ಲಿ ಜಲಜಾಕ್ಷಿ ಅಂತ ಬರೆಯುವಾಗ ಅಕ್ಷರ ಎರಡು ಸಲ ತಪ್ಪಿತು, ಹಾಳೆ ಬದಲಾಯಿಸಿದೆ.

ಪಾಪ ಅನ್ನಿಸಲಿಲ್ಲವಾ ಅಂದರೆ ಅನ್ನಿಸಿತು. ಆದರೆ ನನಗೂ ಆಗಿದೆ ಇದು. ಇಲ್ಲಿಗೆ ಬಂದ ಮೊದಲ ವರ್ಷ ಒಬ್ಬ ಗೆಸ್ಟಿನ ಉಂಗುರ ಕಾಣದಾದಾಗ ಸೆಕ್ಯುರಿಟಿಯ ಹೆಂಗಸು ನನ್ನ ಜಡೆ ಬಿಚ್ಚಿಸಿ, ಕೂದಲೊಳಗೆ ಬೆರಳಾಡಿಸಿ ಹುಡುಕಿದ್ದಳು. ಏನು ಸಿಕ್ಕಿತು? ಏನೂ ಇಲ್ಲ. ಶುದ್ಧ ಇದ್ದವರಿಗೆ ಎಂಥ ಹೆದರಿಕೆ? ಕೆಲಸಕ್ಕೆ ಸೇರುವ ಹೊಸ ಹುಡುಗಿಯರಿಗೆ ಈ ಕಥೆಯನ್ನು ನಾನೇ ಹೇಳುತ್ತೇನೆ. ಆಮೇಲೆ ಸೂಪರ್‌ವೈಸರ್ ಆಗಿ ಅಂಥ ಹತ್ತಿಪ್ಪತ್ತು ತಪಾಸಣೆಗೆ ಪಕ್ಕದಲ್ಲಿ ನಿಂತೂ ಇದ್ದೇನೆ.

ಕವರು ಅಂಟಿಸಿ ಕ್ಲೈವ್ ಸರ್ ಆಫೀಸಿಗೆ ಕೊಟ್ಟು ಬಂದೆ. "ವೆರಿ ಗುಡ್ ಒಲಿಂಡಾ, ಇಂಥ ಕಣ್ಣೇ ನನಗೆ ಬೇಕಿತ್ತು" ಅಂದರು. ಬರುವ ದಾರಿಯಲ್ಲಿ ಫ್ಲಾಟಿಗೆ ಪರದೆ ಯಾವ ಬಣ್ಣದ್ದು ಅಂತ ಯೋಚಿಸಲು ನೋಡಿದೆ. ಯಾವ ಬಣ್ಣವೂ ಹೊಳೆಯಲಿಲ್ಲ.

ಮಾರ್ಚ್ ೧೪, ಗುರುವಾರ. ಸಂಜೆ, ದೇರಾ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಬೇರೆ ಯಾರೋ ಟ್ರಾಲಿ ತಂದಳು. ಇವರು ಹೊರಗೆ ಹೋಗಿ ವಿಚಾರಿಸಿಕೊಂಡು ಓಡೋಡಿ ಬಂದರು. "ಒಲಿಂಡಾ, ಆ ವಿಟ್ಲದ ಹುಡುಗಿಯನ್ನು ನಿನ್ನೆ ಮಧ್ಯಾಹ್ನ ಸೆಕ್ಯುರಿಟಿಯವರು ಕರ್ಕೊಂಡು ಹೋಗಿದ್ದಾರಂತೆ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತಾರಂತೆ!"

"ಎಂತಾದರೂ ಮಾಡಿರಬೇಕು" ಅಂದೆ. ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ, ತಲೆ ಎತ್ತಲಿಲ್ಲ.

"ಎಂತ ಮಾಡಿದ್ದಾಳೆ ಅವಳು?"

"ನನ್ನ ಓಲೆ ಕದ್ದಿದ್ದಾಳೆ!"

ಇವರು ಅಲಮಾರಿಯ ಹಿಂಬದಿಯಿಂದ ಬಲಗಾಲಿನ ಶೂ ತೆಗೆದರು. ಒಳಗಿನಿಂದ ಕಾಲುಚೀಲ, ಕಾಲುಚೀಲದಿಂದ ಕರ್ಚೀಫು, ಕರ್ಚೀಫಿನಿಂದ ನನ್ನ ಓಲೆ.

ನಾನು ಮಂಚದ ಮೇಲೆ ಕೂತೆ.

"ಮೇಜಿನ ಮೇಲೆ ಲೈಟಿನ ಬುಡದಲ್ಲಿ ಇತ್ತು, ಒಂದೇ ಒಂದು. ಚಿನ್ನ ಹಾಗೆ ಹೊರಗೆ ಬಿಡ್ತಾರಾ ಮಾರಾಯ್ತಿ? ಕ್ಯಾಂಪಿನಲ್ಲಿ ನಾನು ಬೆಲೆಯದ್ದೆಲ್ಲ ಶೂವಿನಲ್ಲೇ ಇಡುವುದು."

"ನೀವು ಬಾರಿನಲ್ಲಿ ಇದ್ದಿರಲ್ಲ?"

"ಎಲ್ಲಿಯ ಬಾರು! ಎಲ್ಲರೂ ಕುಡಿಯುವಾಗ ಲಿಂಬೆ ಶರಬತ್ತು ಹಿಡ್ಕೊಂಡು ಎಷ್ಟು ಹೊತ್ತು ಕೂರುವುದು? ನಾಚಿಕೆ ಆಗಿ ಮೇಲೆ ಬಂದೆ. ಬಾಲ್ಕನಿಯಲ್ಲಿ ಜಪಮಣಿ ಹಿಡ್ಕೊಂಡು ತೇರ್ಸ ಹೇಳ್ತಾ ಕೂತೆ. ಹೇಳಿದ್ರೆ ನೀನು ನಗಾಡ್ತಿ ಅಂತ ಹೇಳ್ಲಿಲ್ಲ."

"ಓಲೆ ಸಿಕ್ಕಿತು ಅಂತಲಾದರೂ ಹೇಳಬಾರದಿತ್ತಾ?"

"ನೀನು ಹೇಳ್ತಿ ಅಂತ ಕಾದೆ." ಇವರು ಶೂವನ್ನು ನೆಲಕ್ಕಿಟ್ಟರು. "ನಾನು ತಂದ ಓಲೆ. ಕಳ್ಕೊಂಡು, ಕಿವಿಯನ್ನು ಕೂದಲಿನಲ್ಲಿ ಮುಚ್ಚಿ ಇಟ್ಟಿದ್ದೀ. ಎರಡು ದಿವಸ ಕಾದೆ. ನಿನ್ನೆ ತಿಂಡಿಗೆ ಕೂತಾಗ ಬಾಯಿಬಿಟ್ಟು ಕೇಳಿದೆ. ಎಂತದ್ದೂ ಇಲ್ಲ ಅಂದೆ ನೀನು."

ಹೊರಗೆ ಆ ತಗಡಿನ ಡೋಲು ಶುರುವಾಗಿತ್ತು. ಓಲೆ ಹಿಡಿದುಕೊಂಡು ಚಪ್ಪಲಿಯನ್ನೂ ಹಾಕದೆ ಆಫೀಸಿಗೆ ಓಡಿದೆ.

ಕ್ಲೈವ್ ಸರ್ ಎದುರಿಗೆ ಹೇಳುವಾಗ ನನ್ನ ಇಂಗ್ಲಿಷ್ ಎಲ್ಲ ಹೋಗಿ ಕೊಂಕಣಿ ಬಂತು. ತಪ್ಪು ನನ್ನದು, ಓಲೆ ನನ್ನ ಗಂಡನ ಹತ್ತಿರ ಇತ್ತು, ಹುಡುಗಿ ನಿಯಮದ ಪ್ರಕಾರ ಮೇಜಿನ ಮೇಲೇ ಇಟ್ಟಿದ್ದಳು. ಅವರು ವರದಿಯನ್ನು ಎರಡು ಸಲ ತಿರುವಿ ಹಾಕಿ, ಪೆನ್ನು ಮುಚ್ಚಿದರು. "ಖಲಾಸ್. ಹುಡುಗಿ ಶನಿವಾರದಿಂದ ಕೆಲಸಕ್ಕೆ ಬರಲಿ. ಆದರೆ ಗಂಡನನ್ನು ಒಂದು ಮಾತು ಕೇಳದವಳ ಕೈಗೆ ಅರವತ್ತು ಮಂದಿಯನ್ನು ನಾನು ಹೇಗೆ ಕೊಡಲಿ ಒಲಿಂಡಾ?" ಅಂದರು. ಕೇಳಬಾರದು ಅಂದದ್ದು ಅವರೇ. ಅದನ್ನು ನಾನು ನೆನಪಿಸಲಿಲ್ಲ. 

ಸೆಕ್ಯುರಿಟಿ ರೂಮಿನ ಹೊರಗೆ ಬೆಂಚಿನ ಮೇಲೆ ಅವಳು ಕೂತಿದ್ದಳು. ಯೂನಿಫಾರಂ ಇಲ್ಲ, ನೈಟಿಯ ಮೇಲೊಂದು ಶಾಲು. ಜಡೆ ಬಿಚ್ಚಿತ್ತು. ಕೂದಲು ಮೊಣಕಾಲಿನವರೆಗೆ ಹರಡಿತ್ತು, ಅವಳು ಅದನ್ನು ಕಟ್ಟಿಕೊಂಡಿರಲೇ ಇಲ್ಲ.

"ಬಿಚ್ಚಿಸಿದರಾ?" ಅಂದೆ.

"ಹೌದು. ಎರಡು ಸಲ." ನನ್ನ ಕೈಯ ಓಲೆಯನ್ನು ನೋಡಿದಳು. "ನೀವು ಹೋಟೆಲ್ ಕೆಲಸದವರು ಅಂತ ನಂಗೆ ಮೊದಲನೇ ದಿನವೇ ಗೊತ್ತಾಗಿದೆ ಅಕ್ಕ. ಒದ್ದೆ ಟವೆಲೆಲ್ಲ ಟಬ್ಬಿನಲ್ಲಿ ರಾಶಿ ಹಾಕಿದ್ರಿ. ದಿಂಬಿನ ಕವರು ಬಿಚ್ಚಿ ಇಟ್ಟಿದ್ರಿ, ನಂಗೆ ಸುಲಭ ಆಗ್ಲಿ ಅಂತ. ಯಾವ ಗೆಸ್ಟ್ ಹಾಗೆ ಮಾಡ್ತಾರೆ? ಬೆಂಕಿಕಡ್ಡಿ, ಪಿನ್ನು, ನೂಲು ಎಲ್ಲ ಟೆಸ್ಟ್ ಅಂತ ಗೊತ್ತುಂಟು. ಓಲೆಯೂ ಟೆಸ್ಟ್ ಅಂತ ಗೊತ್ತುಂಟು. ಗೊತ್ತಿದ್ದೂ ಯಾರಾದ್ರೂ ಕದೀತಾರಾ?"

"ಅವರಿಗೆ ಇದನ್ನು ಹೇಳಲಿಲ್ಲವಾ ನೀನು?"

"ಹೇಳಿದೆ. ಮೇಜಿನ ಮೇಲೆ ಇಟ್ಟೆ ಅಂತ ಹೇಳಿ ಹೇಳಿ ಸಾಕಾಯ್ತು. ಮತ್ತೆ ಮೇಜಿನ ಮೇಲೆ ಯಾಕಿಲ್ಲ ಅಂತ ಕೇಳ್ತಾರೆ. ನಂಗೆ ಹೇಗೆ ಗೊತ್ತು?" ಶಾಲನ್ನು ಎಳೆದುಕೊಂಡು ಅಂದಳು, "ನೀವು ಊರಿನವರು ಅಂತ ನಂಗೆ ಧೈರ್ಯ ಇತ್ತು. ನಿನ್ನೆ ಬೆಳಿಗ್ಗೆ ನಿಮ್ಮ ಎದುರೇ ನಿಂತಿದ್ದೆ ಅಕ್ಕ. ಒಂದು ಮಾತು ಕೇಳಬಹುದಿತ್ತಲ್ಲ."

ಕ್ಷಮಿಸು ಅಂದೆ. ಜಡೆ ಹಾಕಿ ಕೊಡಲಾ ಅಂತ ಕೇಳಿದೆ. "ಬೇಡ" ಅಂದಳು. ಯಾರ ಕೈಯೂ ತಲೆಗೆ ಸದ್ಯ ಬೇಡವಂತೆ.

ಟ್ಯಾಕ್ಸಿಯಲ್ಲಿ ಇವರಿಗೆ ಎಲ್ಲ ಹೇಳಿದೆ. ಲಕ್ಕಿ ಡ್ರಾ ಇಲ್ಲ ಅನ್ನುವುದು, ಕೆಲಸ, ಫ್ಲಾಟು, ಚಿಲಕ. ಇವರು ಕೈಯ ನೀಲಿ ಪಟ್ಟಿಯನ್ನು ತಿರುಗಿಸುತ್ತಾ ಕೇಳಿದರು. ಜೆಬೆಲ್ ಅಲಿ ದಾಟಿದ ಮೇಲೆ, "ಅಡುಗೆಮನೆ ಉಂಟಿತ್ತಾ ಅದಕ್ಕೆ?" ಅಂತ ಕೇಳಿದರು. ಉಂಟಿತ್ತು ಅಂದೆ. ಮತ್ತೆ ಕಿಟಕಿಯ ಹೊರಗೆ ನೋಡಿದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಇವರ ಕಣ್ಣು ಕೆಂಪಾಗಿತ್ತು.

ಇನ್ನೊಂದು ಮಾತು. ನಿನ್ನೆ ಬರೆದದ್ದನ್ನು ಈಗ ಓದಿದೆ. ಆ ಮೊದಲ ವರ್ಷದ ಉಂಗುರ ಗೆಸ್ಟಿನ ಸಾಬೂನಿನ ಡಬ್ಬಿಯಲ್ಲೇ ಇತ್ತು. ಸಿಕ್ಕಿತು ಅಂತ ಯಾರೂ ನನಗೆ ಬಂದು ಹೇಳಲಿಲ್ಲ, ವಾರದ ಮೇಲೆ ಲಾಂಡ್ರಿಯವರ ಬಾಯಿಂದ ಗೊತ್ತಾಯಿತು. ಅವತ್ತು ಬಚ್ಚಲಲ್ಲಿ ಕೂತು ಅತ್ತಿದ್ದೆ. ಹೊಸ ಹುಡುಗಿಯರಿಗೆ ಕಥೆ ಹೇಳುವಾಗ ಇಷ್ಟನ್ನು ಬಿಟ್ಟು ಹೇಳುತ್ತಿದ್ದೆ.

ಮಾರ್ಚ್ ೨೬, ಮಂಗಳವಾರ. ದೇರಾ, ಲಿನನ್ ರೂಮ್

ಹನ್ನೆರಡು ದಿನದಿಂದ ಬರೆದಿಲ್ಲ. ಈಗ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಮೂರನೇ ಮಹಡಿಯ ಗೆಸ್ಟಿನ ಬಳೆ ಕಾಣುತ್ತಿಲ್ಲ. ಆ ರೂಮು ಶುಚಿ ಮಾಡಿದ್ದು ನಫೀಸ, ಮಂಜೇಶ್ವರದವಳು, ಬಂದು ಎರಡು ತಿಂಗಳಾಗಿದೆ. ಸೆಕ್ಯುರಿಟಿಯ ಹೆಂಗಸು ಬಂದು, "ಯಲ್ಲಾ, ಬೇಗ ಬಾ ಒಲಿಂಡಾ, ನೀನು ಪಕ್ಕದಲ್ಲಿ ನಿಂತುಕೋ" ಅಂದಳು. ಯಾವಾಗಲೂ ನಿಲ್ಲುವವಳು ನಾನೇ ಅಲ್ಲವಾ. ನಫೀಸ ತಾನಾಗಿಯೇ ತಲೆಯ ಬಟ್ಟೆಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದು ಕೆಳಗಿಳಿಸಿದೆ. "ಮೊದಲು ನನ್ನ ಜಡೆ ಬಿಚ್ಚು. ನಂತರ ಮ್ಯಾನೇಜರ್ ಮೇಡಂ ಸುಸನ್ ಅವರದ್ದು ಬಿಚ್ಚು. ಆಮೇಲೆ ಇವಳ ತಲೆಗೆ ಬಾ" ಅಂತ ಸೆಕ್ಯುರಿಟಿಯವಳಿಗೆ ಹೇಳಿದೆ.

ಸೀದಾ ಆ ಗೆಸ್ಟಿನ ರೂಮಿಗೆ ಹೋಗಿ, "ಮೇಡಂ, ನಿಮ್ಮ ಯಜಮಾನರನ್ನು ಒಮ್ಮೆ ಕೇಳಿದಿರಾ?" ಅಂತ ಕೇಳಿದೆ. ಅವಳ ಮುಖ ಕೆಂಪಾಯಿತು. ನನ್ನ ಗಂಡನನ್ನು ಕಳ್ಳ ಅಂತೀಯಾ ಅಂತ ಕಿರುಚಿ, ಕೆಳಗೆ ಫೋನು ಮಾಡಿ ನನ್ನ ಹೆಸರು ಬರೆಸಿದಳು. ಸುಸನ್ ಮೇಡಂ ಸಿಟ್ಟಿನಲ್ಲಿದ್ದಾರೆ. ಆ ಗಂಡ ಅಬುಧಾಬಿಯಲ್ಲಿ ಮೀಟಿಂಗಿನಲ್ಲಿದ್ದಾನಂತೆ, ಐದು ಗಂಟೆಗೆ ಬರುತ್ತಾನಂತೆ. ಅವನನ್ನು ಕೇಳುವವರೆಗೆ ಈ ಹುಡುಗಿಯ ತಲೆಗೆ ಯಾರೂ ಕೈ ಹಾಕಬಾರದು, ಕೇಳಿದ ಮೇಲೂ ಬಳೆ ಸಿಗದಿದ್ದರೆ ನನ್ನನ್ನೇ ಊರಿಗೆ ಕಳಿಸಿ ಅಂತ ಹೇಳಿ, ಟವೆಲು ಚಾದರ ಇಡುವ ಈ ರೂಮಿನ ಬಾಗಿಲು ಹಾಕಿ ಕೂತಿದ್ದೇನೆ. ನಫೀಸ ಟವೆಲಿನ ರಾಶಿಗೆ ಒರಗಿ ಅತ್ತು ಅತ್ತು ಸುಮ್ಮನಾಗಿದ್ದಾಳೆ. ಬಳೆ ಅವಳೇ ತೆಗೆದಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳನ್ನು ಕೇಳಿದೆ. ಇಲ್ಲ ಅಂದಳು.

ಇವರ ಸ್ಟೋರಿಗೆ ಫೋನು ಮಾಡಿ ಎಲ್ಲ ಹೇಳಿದ ಮೇಲೆಯೇ ಇದನ್ನು ಬರೆಯಲು ಕೂತದ್ದು. ಕೆಲಸ ಹೋದರೆ ಎಂತ ಮಾಡುವುದು ಅಂತ ಕೇಳಿದೆ. "ಹೋದ್ರೆ ಹೋಗ್ಲಿ. ನೀನು ಅಲ್ಲೇ ಕೂತಿರು, ನಾನು ಎರಡು ಗಂಟೆಯ ಬಸ್ಸಿಗೆ ಹೊರಡ್ತೇನೆ" ಅಂದರು. ಶೂ ಹಾಕಿಕೊಳ್ಳುವ ಮೊದಲು ಒಳಗೆ ಇಟ್ಟದ್ದನ್ನೆಲ್ಲ ತೆಗೆಯಿರಿ ಅಂತ ನೆನಪಿಸಿದೆ.

ಈಗ ನಾಲ್ಕೂಮುಕ್ಕಾಲು. ಲಿಫ್ಟ್ ನಿಂತ ಸದ್ದಾಯಿತು, ಆ ಗೆಸ್ಟಿನ ಗಂಡನೇ ಇರಬೇಕು. ನಫೀಸ ನನ್ನ ಕೈ ಹಿಡಿದುಕೊಂಡಿದ್ದಾಳೆ, ಬರೆಯಲು ಆಗುತ್ತಿಲ್ಲ.